ಕಾರಣದ ಜಾಗ ಖಾಲಿ ಬಿಡು

ಫೆಬ್ರವರಿ ೩

ಪ್ರೀತಿಯ ಅಕ್ಕನಿಗೆ,

ಫೋನು ಮಾಡಿದರೆ ನಿನ್ನ ಸಹಾಯಕ ಎತ್ತಿಕೊಂಡು, "ಮೇಡಂ ಮೀಟಿಂಗಲ್ಲಿದಾರೆ" ಎನ್ನುತ್ತಾನೆ. ಅವನ ಪ್ರಕಾರ ನೀನು ಊಟ, ನಿದ್ದೆ, ಸ್ನಾನ ಎಲ್ಲವನ್ನೂ ಮೀಟಿಂಗಿನಲ್ಲೇ ಮಾಡುತ್ತೀಯ. ಕಾಗದಕ್ಕೆ ಸಹಾಯಕರ ಕಾಟವಿಲ್ಲ. ತಡವಾದರೂ ನಿನ್ನ ಕೈಗೇ ಬರುತ್ತದೆ, ನೀನೇ ಒಡೆಯುತ್ತೀಯ. ಅದಕ್ಕೇ ನಾನು ಈ ಹಳೆಯ ಅಭ್ಯಾಸ ಬಿಟ್ಟಿಲ್ಲ.

ಮೊದಲ ಸುದ್ದಿ, ಬೋರ್ಡು ತುಂಬಿತು. ನೀನು ಸದನದಲ್ಲಿ ಹಾಕಿದ ಮತಗಳೆಲ್ಲ ಸೇರಿ ನನ್ನ ಅಂಗಡಿಯ ಮುಂಗೋಡೆಯನ್ನು ಅರ್ಧ ನುಂಗಿವೆ. ಎರಡನೆಯ ತಗಡು ತಂದು, ತುಕ್ಕು ಉಜ್ಜಿ, ಬಿಳಿ ಬಳಿದು, ಸುಣ್ಣದ ದಾರ ಹೊಡೆದು ಗೆರೆ ಹಾಕಿದ್ದೇನೆ. ಮೊದಲಿನಂತೆಯೇ ಮೂರು ಕಾಲಂ: ಮಸೂದೆ, ಅಕ್ಕನ ಮತ, ಕಾರಣ. ಪರ ಎಂದರೆ ಹಸಿರು, ವಿರುದ್ಧ ಎಂದರೆ ಕೆಂಪು, ಗೈರು ಎಂದರೆ ಕಪ್ಪು. ಕಪ್ಪಿನ ಡಬ್ಬದ ಮುಚ್ಚಳವನ್ನು ಈವರೆಗೆ ತೆಗೆದಿಲ್ಲ. ಚುನಾವಣೆಯ ಆ ಸಭೆಯಲ್ಲಿ ನೀನು ನನ್ನನ್ನು ಒಂದು ಮಾತೂ ಕೇಳದೆ, "ನಾನು ಅಲ್ಲಿ ಎತ್ತೋ ಪ್ರತಿ ಕೈನೂ ನನ್ನ ತಮ್ಮ ಇಲ್ಲಿ ಬರೆದು ಹಾಕ್ತಾನೆ, ಓದ್ಕೊಳ್ಳಿ" ಎಂದುಬಿಟ್ಟೆಯಲ್ಲ, ಜನ ಚಪ್ಪಾಳೆ ತಟ್ಟಿದರು, ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಈಗ ನೋಡು, ಬಸ್ಸಿಗೆ ಕಾಯುವವರೆಲ್ಲ ಅದನ್ನೇ ಓದುತ್ತಾ ನಿಲ್ಲುತ್ತಾರೆ. ಎದುರಂಗಡಿಯ ದರ್ಜಿ ಓದುವುದಷ್ಟೇ ಅಲ್ಲ, ಬಂದ ಗಿರಾಕಿಗಳಿಗೆ ಅಳತೆ ತೆಗೆಯುತ್ತಲೇ ವ್ಯಾಖ್ಯಾನ ಮಾಡುತ್ತಾನೆ.

ನೀರಿಗೆ ಮೀಟರು ಹಾಕುವ ಮಸೂದೆಗೆ ನೀನು ಪರ ಎಂದದ್ದಕ್ಕೆ ನಮ್ಮ ಬೀದಿಯ ಅರ್ಧ ಜನ ನನ್ನ ಜತೆ ಮಾತು ಬಿಟ್ಟಿದ್ದರು. ಅಂಗಡಿ ಕೆಲಸದವರಿಗೆ ವಾರಕ್ಕೊಂದು ರಜೆ ಎಂದಾಗ ದರ್ಜಿ ಮಾತು ಬಿಟ್ಟ. ಪೊಲೀಸರು ಕೇಳದೆ ಮನೆ ಹುಡುಕಬಹುದೆಂಬ ಮಸೂದೆಗೆ ನಿನ್ನ ಪಕ್ಷವೇ ಪರವಾಗಿದ್ದರೂ ನೀನು ವಿರುದ್ಧ ಎಂದೆ. ಅದನ್ನು ಬರೆದ ದಿನ ಅದೇ ದರ್ಜಿ ಬಂದು, "ನಿಮ್ಮಕ್ಕ ಗಟ್ಟಿಗಿತ್ತಿ ಕಣಯ್ಯ" ಎಂದು ಟೀ ಕುಡಿಸಿದ. ಆದರೆ ಬೀದಿ ಫಲಕಗಳ ಅಳತೆ ಕಡಿಮೆ ಮಾಡುವ ಮಸೂದೆಗೂ ಪರ ಎಂದೆಯಲ್ಲ, ಅದು ಮಾತ್ರ ನನ್ನ ಹೊಟ್ಟೆಯ ಮೇಲೇ ಹೊಡೆದಂತೆ. ಫಲಕ ಬರೆದು ಬದುಕುವವನ ಸ್ವಂತ ಅಕ್ಕ! ಅದನ್ನೂ ಬರೆದೆ. ಅಕ್ಷರ ಸ್ವಲ್ಪ ಸಣ್ಣದಾಗಿದೆ, ಅಷ್ಟೇ.

ಈಗ ಎಲ್ಲರೂ ಕೇಳುತ್ತಿರುವುದು ಹೆರಿಗೆ ಆಸ್ಪತ್ರೆಗಳ ಮಸೂದೆಯ ಬಗ್ಗೆ. ಸಣ್ಣ ಊರುಗಳ ಹೆರಿಗೆ ವಾರ್ಡು ಮುಚ್ಚಿ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರಂತೆ. ನಮ್ಮ ನರ್ಸಮ್ಮ, ಅಂದರೆ ನನ್ನ ಹೆಂಡತಿ, ಈ ವಿಷಯ ಬಂದರೆ ಉಸಿರೇ ಎತ್ತುವುದಿಲ್ಲ. ಅವಳ ವಾರ್ಡೂ ಆ ಪಟ್ಟಿಯಲ್ಲಿದೆ.

ನಿನ್ನ ತಮ್ಮ


ಫೆಬ್ರವರಿ ೧೧

ಪುಟ್ಟಾ,

ಶಾಸಕರ ವಸತಿಗೃಹದ ನನ್ನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಿಟಕಿಯ ಚಿಲಕ ಮುರಿದಿದೆ. ರಾಜ್ಯದ ಕಾನೂನು ಮಾಡುವವಳಿಗೆ ಒಂದು ಚಿಲಕ ಹಾಕಿಸಿಕೊಳ್ಳುವ ಅಧಿಕಾರವಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಫಲಕದ ಮಸೂದೆಯ ಬಗ್ಗೆ ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಗೊತ್ತಾಯಿತು. ಕಾರಣದ ಜಾಗದಲ್ಲಿ "ಗಾಳಿಗೆ ಬಿದ್ದು ಜನರಿಗೆ ಪೆಟ್ಟಾಗುತ್ತದೆ" ಎಂದು ನಾನು ಬರೆದು ಕಳಿಸಿದ್ದನ್ನು ನೀನು ಬರೆದೆಯೋ ಇಲ್ಲವೋ? ಕಾರಣವಿಲ್ಲದ ಮತ ಬರಿಯ ಬಣ್ಣ. ಜನ ನನ್ನನ್ನು ಬೈಯಲಿ, ಆದರೆ ಯಾಕೆ ಎಂದು ಓದಿ ಬೈಯಲಿ.

ಹೆರಿಗೆ ವಾರ್ಡಿನ ಮಸೂದೆ ಇದೇ ತಿಂಗಳು ಇಪ್ಪತ್ತಾರಕ್ಕೆ ಬರುತ್ತದೆ. ಲೆಕ್ಕ ಬಹಳ ಬಿಗಿಯಾಗಿದೆ. ಸಮಸಮ ಮತ ಬಂದರೆ ಮಸೂದೆ ಬಿತ್ತು ಎಂಬುದು ನಮ್ಮ ಸದನದ ನಿಯಮ. ಹಾಗಾಗಿ ಎರಡೂ ಕಡೆಯವರು ಒಬ್ಬೊಬ್ಬರನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ನಾನೂ ಮೊಣಕಾಲು ನೋವು ಮರೆತು ಮೆಟ್ಟಿಲು ಹತ್ತಿ ಇಳಿದು ಜನರನ್ನು ಹಿಡಿಯುತ್ತಿದ್ದೇನೆ.

ಎದುರು ಸಾಲಿನಲ್ಲಿ ಒಬ್ಬರು ಮೇಷ್ಟ್ರಿದ್ದಾರೆ ಎಂದು ಬರೆದಿದ್ದೆನಲ್ಲ, ಹಿಂದೆ ಗಣಿತ ಕಲಿಸುತ್ತಿದ್ದವರು. ನಾವಿಬ್ಬರೂ ಒಪ್ಪಿದ ಮಸೂದೆ ಈವರೆಗೆ ಒಂದೂ ಇಲ್ಲ. ಸದನದಲ್ಲಿ ಅವರು ನನ್ನ ಮಾತಿನಲ್ಲಿ ತಪ್ಪು ಹುಡುಕುತ್ತಾರೆ, ಹೊರಗೆ ಬಂದು ನನ್ನ ಕೆಮ್ಮಿಗೆ ಮಾತ್ರೆ ಕೊಡುತ್ತಾರೆ. ಈ ವಾರ್ಡುಗಳನ್ನು ಮುಚ್ಚಲೇಬೇಕು ಎನ್ನುವವರಲ್ಲಿ ಅವರೇ ಮುಂದು. ಒಳ್ಳೆಯ ವೈದ್ಯರಿರುವ ಒಂದು ದೊಡ್ಡ ಆಸ್ಪತ್ರೆ, ವೈದ್ಯರೇ ಇಲ್ಲದ ಹತ್ತು ಸಣ್ಣ ಆಸ್ಪತ್ರೆಗಳಿಗಿಂತ ಮೇಲು ಎಂದು ಅವರು ಮನಸಾರೆ ನಂಬಿದ್ದಾರೆ. ದುಡ್ಡಿಗಾಗಿ ಹೇಳುವವರಲ್ಲ. ಅದೇ ಕಷ್ಟ, ಅವರನ್ನು ಬೈಯಲೂ ಆಗುವುದಿಲ್ಲ. ಇತ್ತೀಚೆಗೆ ಯಾಕೋ ಅವರ ಮುಖ ಸಪ್ಪಗಿದೆ.

ಇಲ್ಲಿಯ ಒಂದು ಪದ್ಧತಿ ಕೇಳಿದರೆ ನಿನಗೆ ನಗು ಬರುತ್ತದೆ. ಅದಕ್ಕೆ ಜೋಡಿ ಕೂರುವುದು ಎನ್ನುತ್ತಾರೆ. ಒಬ್ಬ ಸದಸ್ಯ ಮತದ ದಿನ ಬರಲಾಗದಿದ್ದರೆ, ಎದುರು ಪಕ್ಷದ ಯಾರನ್ನಾದರೂ ಹಿಡಿದು, ನೀವೂ ಹೊರಗಿರಿ ಎಂದು ಕೇಳಿಕೊಳ್ಳುತ್ತಾನೆ. ಆ ಕಡೆ ಒಂದು ಕಡಿಮೆ, ಈ ಕಡೆ ಒಂದು ಕಡಿಮೆ, ತಕ್ಕಡಿ ಅಲ್ಲಾಡುವುದಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಮೊಗಸಾಲೆಯಲ್ಲಿ ಕೈ ಕುಲುಕಿದರೆ ಮುಗಿಯಿತು. ಕಳೆದ ತಿಂಗಳು ನಮ್ಮ ಪಕ್ಷದವರೊಬ್ಬರ ಮಗಳ ಮದುವೆಗೆ ಜೋಡಿ ಕೂತ ಎದುರು ಪಕ್ಷದವನು, ಹೇಗೂ ಬಿಡುವಾಯಿತೆಂದು ಮದುವೆಗೇ ಹೋಗಿ ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಬಂದ. ಇಷ್ಟು ಜಗಳಗಂಟರ ಮನೆಯಲ್ಲಿ ಈ ಒಂದು ಮಾತನ್ನು ಮಾತ್ರ ಈವರೆಗೆ ಯಾರೂ ಮುರಿದಿಲ್ಲವಂತೆ.

ಕೊನೆಯದಾಗಿ, ನಿನ್ನ ಅವಸರ ನನಗೆ ಗೊತ್ತು. ನಾನು ಕೈ ಎತ್ತುವ ಮೊದಲೇ ನೀನು ಕೈಯನ್ನು ಬರೆಯಬೇಡ.

ಅಕ್ಕ


ಫೆಬ್ರವರಿ ೨೩

ಪ್ರೀತಿಯ ಅಕ್ಕನಿಗೆ,

ಬೈಯಬೇಡ. ಬರೆದಾಗಿದೆ.

ನಾಳೆ ಪಕ್ಕದ ಊರಿನಲ್ಲಿ ಶಾಲೆಯ ಗೋಡೆ ಬರೆಯಲು ಹೊರಟಿದ್ದೇನೆ. ಬರುವುದು ಒಂದು ವಾರವಾದೀತು. ಇಪ್ಪತ್ತಾರರ ಸಂಜೆ ಜನ ಬಂದು ಬೋರ್ಡು ನೋಡಿದರೆ ಖಾಲಿ ಇರಬೇಕೇ? ಉಳಿದ ಮಸೂದೆಗಳಾದರೆ ಕಾಯುತ್ತಿದ್ದೆ. ಇದಕ್ಕೆ ಯಾತರ ಕಾಯುವುದು? "ಹೆರಿಗೆ ವಾರ್ಡು ಮುಚ್ಚುವ ಮಸೂದೆ. ವಿರುದ್ಧ." ಒಳ್ಳೆಯ ಗಟ್ಟಿ ಕೆಂಪು, ಎರಡು ಸಲ ತಿದ್ದಿದ್ದೇನೆ. ಬಸ್ಸಿನ ಕಿಟಕಿಯಿಂದಲೂ ಕಾಣುತ್ತದೆ. ದರ್ಜಿ ಮಾತ್ರ, "ಬಟ್ಟೆ ಬರೋ ಮುಂಚೆ ಹೊಲಿಗೆ ಹಾಕ್ದಂಗಾಯ್ತಲ್ಲೋ" ಎಂದ. ಅವನಿಗೆ ಯಾವಾಗಲೂ ಒಂದು ಕೊಂಕು ಇರಲೇಬೇಕು.

ಬರೆಯುವಾಗ ಇವಳು ಡ್ಯೂಟಿ ಮುಗಿಸಿ ಬಂದಳು. ನಿಂತು ಓದಿದಳು. ಆಮೇಲೆ, "ವಾರ್ಡಲ್ಲಿ ಎಲ್ರೂ ಕೇಳ್ತಿದ್ರು, ಅತ್ತಿಗೆ ಅಲ್ಲಿರೋವಾಗ ಯಾಕೆ ಹೆದರ್ತೀರಾ ಅಂದೆ" ಎಂದಳು. ಅವಳು ಹೀಗೆಲ್ಲ ಮಾತು ಕೊಡುವವಳೇ ಅಲ್ಲ. ಕಾರಣದ ಜಾಗ ಬಿಟ್ಟಿದ್ದೇನೆ, ನೀನು ಬರೆದು ಕಳಿಸು. ಚೆನ್ನಾಗಿ ಖಾರವಾಗಿಯೇ ಬರಿ.

ನಿನ್ನ ತಮ್ಮ


ಫೆಬ್ರವರಿ ೨೬

ಪುಟ್ಟಾ,

ಮಸೂದೆ ಪಾಸಾಯಿತು. ಒಂದೇ ಮತದಿಂದ.

ನಾನು ಮತ ಹಾಕಲಿಲ್ಲ. ಕಪ್ಪು ಡಬ್ಬ ತೆಗೆ. ಕಾರಣದ ಜಾಗ ಖಾಲಿ ಬಿಡು.

ನಿನ್ನವಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ಫೋನು ಮಾಡಬೇಡ.

ಅಕ್ಕ


ಮಾರ್ಚ್ ೫

ಮಾನ್ಯ ಶಾಸಕರಿಗೆ,

ತಮ್ಮ ಪತ್ರ ತಲುಪಿತು. ತಾವು ಹೇಳಿದಂತೆ ಮಾಡಿದ್ದೇನೆ.

ನಾನು ಊರಿಗೆ ಬಂದಾಗ ಬೋರ್ಡಿನ ಮುಂದೆ ಜನ ಗುಂಪುಗೂಡಿದ್ದರು. ರೇಡಿಯೋದಲ್ಲಿ ಗೈರಾದವರ ಹೆಸರು ಓದಿದ್ದರಂತೆ. ಮೂರೋ ನಾಲ್ಕೋ ಹೆಸರು, ಅದರಲ್ಲಿ ನಿಮ್ಮದು. ನನ್ನ ಗೋಡೆಯ ಮೇಲೆ ಮಾತ್ರ ಬಸ್ಸಿನ ಕಿಟಕಿಯಿಂದಲೂ ಕಾಣುವಂತೆ ಕೆಂಪಗೆ "ವಿರುದ್ಧ". ಒಬ್ಬ ಹೆಂಗಸು, ಏಳು ತಿಂಗಳ ಬಸುರಿ, "ಅಣ್ಣಾ, ಇದು ಸುಳ್ಳಾ ರೇಡಿಯೋ ಸುಳ್ಳಾ?" ಎಂದು ಕೇಳಿದಳು. ನಾಲ್ಕು ಜನರ ಮುಂದೆ ಏಣಿ ಹತ್ತಿ, ನನ್ನ ಕೈಯಾರೆ ಬರೆದದ್ದರ ಮೇಲೆ ನನ್ನ ಕೈಯಾರೆ ಬಿಳಿ ಬಳಿದೆ. ಒಣಗುವವರೆಗೆ ಯಾರೂ ಕದಲಲಿಲ್ಲ. ಆಮೇಲೆ ಕಪ್ಪು ಡಬ್ಬದ ಮುಚ್ಚಳ ಎಬ್ಬಿಸಿದೆ. ಗೈರು. ಎರಡೇ ಅಕ್ಷರ, ಅದೂ ಓರೆಯಾಗಿದೆ.

ದರ್ಜಿ ಕೂಡ ಕೊಂಕು ಮಾತಾಡಲಿಲ್ಲ. ಅದೇ ಹೆಚ್ಚು ನೋವಾಯಿತು.

ನನಗೂ ಸ್ವಲ್ಪ ಬುದ್ಧಿ ಇದೆ. ತಾವು ಜೋಡಿ ಕೂತಿರಬಹುದು ಎಂದು ಊಹಿಸಿದ್ದೇನೆ. ಯಾರ ಜತೆ? ಯಾವ ಮದುವೆಯ ಮೊದಲ ಪಂಕ್ತಿಗೆ? ಜೋಡಿ ಕೂತವನು ಹೇಗೂ ಹೊರಗಿದ್ದ. ಕಾಗದವಿಲ್ಲ, ಸಾಕ್ಷಿಯಿಲ್ಲ ಎಂದು ತಾವೇ ಬರೆದಿದ್ದಿರಿ. ತಾವು ಒಳಗೆ ಹೋಗಿ ಕೈ ಎತ್ತಿದ್ದರೆ ಸಮಸಮ ಆಗುತ್ತಿತ್ತು, ಮಸೂದೆ ಬೀಳುತ್ತಿತ್ತು. ಇಷ್ಟು ಲೆಕ್ಕ ಫಲಕ ಬರೆಯುವವನಿಗೂ ಬರುತ್ತದೆ.

ತಾವು ಮಾರಿಕೊಂಡಿರಿ ಎಂದು ಊರಲ್ಲಿ ಗಾಳಿಮಾತು ಹಬ್ಬಿದೆ. ನಾನು ನಂಬಿಲ್ಲ. ಆದರೆ ಎದುರು ಮಾತಾಡಲು ನನ್ನ ಹತ್ತಿರ ಏನೂ ಇಲ್ಲ. ಕಾರಣ ಬರೆದು ಕಳಿಸಿ. ಕಾರಣವಿಲ್ಲದ ಮತ ಬರಿಯ ಬಣ್ಣ ಎಂದವರು ತಾವು.

ಇಂತಿ,
ಬೋರ್ಡು ಬರೆಯುವವನು


ಮಾರ್ಚ್ ೧೪

ಪುಟ್ಟಾ,

ನೀನು ಹುಟ್ಟಿದಾಗಿನಿಂದ ನನ್ನನ್ನು ಎಷ್ಟೋ ಹೆಸರಿನಿಂದ ಕರೆದಿದ್ದೀಯ, ಕೆಲವು ಈ ಪತ್ರದಲ್ಲಿ ಬರೆಯುವಂಥವಲ್ಲ. ಆದರೆ ನೀವು ಎಂದು ಕರೆದದ್ದು ಇದೇ ಮೊದಲು. ಓದಿ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ಹೋಗಲಿ, ಕರಿ.

ಮೊದಲೇ ಬರೆಯಬೇಡ ಎಂದಿದ್ದೆ. ನಿನ್ನ ಇಪ್ಪತ್ತಮೂರರ ಪತ್ರ ನನ್ನ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ. ಮೊದಲೇ ಬಂದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಬಾರದೆ ಇದ್ದದ್ದೇ ಒಳ್ಳೆಯದಾಯಿತೋ ಏನೋ.

ಜೋಡಿ ಎಂದು ಊಹಿಸಿದ್ದೀಯ. ಹೌದು. ಅದಕ್ಕಿಂತ ಹೆಚ್ಚು ಈಗ ಕೇಳಬೇಡ. ಕಾರಣ ನನ್ನದಾಗಿದ್ದರೆ ಆ ದಿನವೇ ಬರೆದು ಕಳಿಸುತ್ತಿದ್ದೆ. ಅದು ಇನ್ನೊಬ್ಬರ ಮನೆಯದು. ಏಪ್ರಿಲ್ ಕಳೆಯಲಿ.

ನಿನ್ನ ಬೋರ್ಡಿಗೆ ನನ್ನಿಂದ ಅವಮಾನವಾಯಿತು. ಊರವರ ಮುಂದೆ ಏಣಿ ಹತ್ತಿಸಿದೆ. ಅದಕ್ಕೆ ನಿನ್ನ ಮುಂದೆ ತಲೆ ತಗ್ಗಿಸುತ್ತೇನೆ. ಬೇಕಿದ್ದರೆ ಆ ಬೋರ್ಡನ್ನು ಇಳಿಸಿಬಿಡು, ನಾನು ತಪ್ಪು ತಿಳಿಯುವುದಿಲ್ಲ. ನಿನ್ನ ಅಂಗಡಿಯ ವ್ಯಾಪಾರ ಕೆಡುವುದು ನನಗೆ ಬೇಡ.

ನಿನ್ನೆ ಶಾಲೆಗಳ ಶುಲ್ಕದ ಮಿತಿಯ ಮಸೂದೆಗೆ ಪರ ಎಂದೆ. ಬರೆಯುವೆಯೋ ಇಲ್ಲವೋ ನಿನಗೆ ಬಿಟ್ಟದ್ದು.

ಅಕ್ಕ


ಏಪ್ರಿಲ್ ೨

ಮಾನ್ಯ ಶಾಸಕರಿಗೆ,

ತಾವು ತಪ್ಪು ತಿಳಿದಿದ್ದೀರಿ. ನನ್ನ ಮಾನ, ನನ್ನ ಅಂಗಡಿ, ನನ್ನ ಏಣಿ, ಇದ್ಯಾವುದರ ಪ್ರಶ್ನೆಯೂ ಅಲ್ಲ. ಫಲಕದ ಮಸೂದೆ ನನ್ನ ಅನ್ನಕ್ಕೇ ಕೈ ಹಾಕಿದಾಗಲೂ ನಾನು ನಿಮ್ಮನ್ನು ನೀವು ಎನ್ನಲಿಲ್ಲ. ಬೋರ್ಡನ್ನೂ ಇಳಿಸುವುದಿಲ್ಲ. ನಿಮ್ಮ ಪಕ್ಷದ ಇಬ್ಬರು ಬಂದು, ಚುನಾವಣೆ ಹತ್ತಿರ ಬರುತ್ತಿದೆ, ತೆಗೆದುಬಿಡಿ ಎಂದರು. ಇದನ್ನು ಹಾಕು ಎಂದವಳು ನನ್ನ ಅಕ್ಕ, ತೆಗೆ ಎನ್ನಲು ನೀವ್ಯಾರು ಎಂದು ಕಳಿಸಿದೆ. ಶಾಲೆಯ ಶುಲ್ಕವನ್ನೂ ಬರೆದಿದ್ದೇನೆ, ಹಸಿರಿನಲ್ಲಿ.

ವಾರ್ಡಿಗೆ ಮೊನ್ನೆ ಆದೇಶ ಬಂತು. ಮಂಚಗಳನ್ನು ಲಾರಿಗೆ ಹೇರಿದರು. ಇವಳನ್ನು ದೊಡ್ಡಾಸ್ಪತ್ರೆಗೆ ಹಾಕಿದ್ದಾರೆ. ಹೋಗಲು ಒಂದು ಬಸ್ಸು, ಬರಲು ಎರಡು. ಅದನ್ನು ಅವಳು ಸಹಿಸುತ್ತಾಳೆ. ಸಹಿಸದಿರುವುದು ಬೇರೆ. "ಅತ್ತಿಗೆ ಅಲ್ಲಿರೋವಾಗ ಯಾಕೆ ಹೆದರ್ತೀರಾ" ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ, ಆ ಹೆಂಗಸರೆಲ್ಲ ಈಗ ಎದುರು ಸಿಕ್ಕರೆ ಅವಳ ಮುಖ ನೋಡುವುದಿಲ್ಲ. ಅವಳೂ ಬೀದಿಯ ಇನ್ನೊಂದು ಬದಿಯಿಂದ ನಡೆಯುತ್ತಾಳೆ. ನಿಮ್ಮ ಬಗ್ಗೆ ನನ್ನ ಮುಂದೆ ಈವರೆಗೆ ಒಂದು ಕೆಟ್ಟ ಮಾತಾಡಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಇನ್ನೊಬ್ಬರ ಮನೆಯ ಕಾರಣ ಎಂದಿರಿ. ನಮ್ಮ ಮನೆ ಯಾವಾಗಿನಿಂದ ಇನ್ನೊಬ್ಬರ ಮನೆಗಿಂತ ದೂರವಾಯಿತು?

ಬೋರ್ಡಿನ ಬಗ್ಗೆ ಒಂದು ವಿಷಯ. ಬಿಸಿಲು ಬಲಿತಂತೆ ಆ ಕೆಂಪು ಮೇಲೆ ಬರುತ್ತಿದೆ. ಈ ಕೆಂಪು ಬಣ್ಣದ ಗುಣವೇ ಅದು, ಮೇಲೆ ಬರಿಯ ಬಿಳಿ ಬಳಿದರೆ ನಿಲ್ಲುವುದಿಲ್ಲ. ಮೊದಲು ಬೆಳ್ಳಿ ಬಣ್ಣ ಒಂದು ಕೈ ಕೊಟ್ಟು ಆಮೇಲೆ ಬಿಳಿ ಬಳಿಯಬೇಕಿತ್ತು. ನನಗೆ ಗೊತ್ತಿಲ್ಲದ್ದೇನಲ್ಲ. ಆ ದಿನ ತಲೆ ಓಡಲಿಲ್ಲ. ಈಗ "ಗೈರು" ಎಂಬ ಕಪ್ಪಿನ ಹಿಂದೆ ಗುಲಾಬಿ ಬಣ್ಣದಲ್ಲಿ "ವಿರುದ್ಧ" ಕಾಣುತ್ತಿದೆ. ಜನ ಎರಡನ್ನೂ ಓದಿ ನಗುತ್ತಾರೆ. ಬೆಳ್ಳಿ ಬಣ್ಣ ತರಿಸಿದ್ದೇನೆ, ಈ ವಾರ ಸರಿ ಮಾಡುತ್ತೇನೆ.

ಈ ಸಲದ ಚುನಾವಣೆಗೆ ನಿಮ್ಮ ಗೋಡೆ ಬರಹಕ್ಕೆ ಬೇರೆಯವರನ್ನು ನೋಡಿಕೊಳ್ಳಿ.

ಇಂತಿ,
ಬೋರ್ಡು ಬರೆಯುವವನು


ಏಪ್ರಿಲ್ ೨೧

ಪುಟ್ಟಾ,

ಇಂದು ಬೆಳಿಗ್ಗೆ ಮೇಷ್ಟ್ರು ಬಂದು, "ಇನ್ನು ನಿಮ್ಮ ಮನೆಯವರಿಗೆ ಹೇಳ್ಬಹುದಮ್ಮ" ಎಂದರು. ಅದಕ್ಕೇ ಕುಳಿತಿದ್ದೇನೆ. ಇದು ನಿನಗೆ ಮತ್ತು ನಿನ್ನವಳಿಗೆ ಮಾತ್ರ, ಬೋರ್ಡಿಗಲ್ಲ.

ಮತದ ಹಿಂದಿನ ದಿನ ಅವರು ನನ್ನನ್ನು ಮೊಗಸಾಲೆಯ ಮೂಲೆಗೆ ಕರೆದರು. ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ, ಮರುದಿನವೇ ಆಪರೇಷನ್. ಇದ್ದ ಒಬ್ಬಳು ಮಗಳು ದೂರದ ಊರಿನಲ್ಲಿ ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದಳು. ಅವಳಿಗೆ ಸುಳಿವು ಸಿಕ್ಕರೆ ಎಲ್ಲ ಬಿಟ್ಟು ಓಡಿ ಬರುತ್ತಾಳೆ, ಮುಗಿಯುವವರೆಗೆ ಯಾರಿಗೂ ತಿಳಿಯಬಾರದು ಎಂದು ಆ ತಾಯಿ ಗಂಡನಿಂದ ಮಾತು ತೆಗೆದುಕೊಂಡಿದ್ದರಂತೆ. "ಜೋಡಿ ಕೂರ್ತೀರಾ? ನಿಮ್ಮನ್ನ ಬಿಟ್ಟು ಯಾರನ್ನ ಕೇಳಿದ್ರೂ ಸಂಜೆಯೊಳಗೆ ಪತ್ರಿಕೆಯವರಿಗೆ ಗೊತ್ತಾಗುತ್ತೆ" ಎಂದರು. ಅವರ ಕೈ ತಣ್ಣಗಿತ್ತು. ನಾನು ಆ ಕೈ ಹಿಡಿದು ಆಯಿತು ಎಂದೆ. ಆ ಹೊತ್ತಿಗೆ ಲೆಕ್ಕ ನಮ್ಮ ಕಡೆಗೇ ಇತ್ತು, ನಾವಿಬ್ಬರೂ ಹೊರಗಿದ್ದರೂ ಮಸೂದೆ ಬೀಳುತ್ತದೆ ಎಂದೇ ನಾನು ನಂಬಿದ್ದೆ.

ಮರುದಿನ ಮಧ್ಯಾಹ್ನ ನಮ್ಮ ಕಡೆಯ ಒಬ್ಬ ಪಕ್ಷ ಬದಲಿಸಿ ಎದುರು ಸಾಲಿನಲ್ಲಿ ಹೋಗಿ ಕುಳಿತ.

ಮತಕ್ಕೆ ಮೊದಲು ಗಂಟೆ ಬಾರಿಸುತ್ತಾರೆ. ಅದು ನಿಂತ ಮೇಲೆ ಬಾಗಿಲು ಮುಚ್ಚುತ್ತಾರೆ. ನಾನು ಗ್ರಂಥಾಲಯದಲ್ಲಿ ಒಂದು ಕುರ್ಚಿಯ ಮೇಲೆ ಕುಳಿತಿದ್ದೆ. ನಮ್ಮ ಪಕ್ಷದವನೊಬ್ಬ ಓಡಿ ಬಂದು, "ಏಳಿ ಮೇಡಂ, ನೀವು ಬಂದ್ರೆ ಸಮ ಆಗುತ್ತೆ" ಎಂದ. ಬಾಗಿಲು ಅಲ್ಲೇ ಇತ್ತು ಪುಟ್ಟಾ. ಮೊಣಕಾಲು ನೋವಿನವಳೂ ನಡೆದು ಮುಟ್ಟುವಷ್ಟು ಹತ್ತಿರ. ನಿನ್ನವಳ ಮುಖ ಕಣ್ಣಿಗೆ ಬಂತು. ಎದ್ದೆ. ನಿಂತೆ. ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಆ ಮನುಷ್ಯ ನನ್ನ ಒಂದು ಮಾತು ನಂಬಿ ಕುಳಿತಿದ್ದಾರೆ ಎಂದು ನೆನೆದೆ. ಅವರು ಅಲ್ಲಿ ಹೆಂಡತಿಯ ಪಕ್ಕ ಇರುವ ಹೊತ್ತಿಗೆ ನಾನು ಒಳಗೆ ಹೋಗಿ ಕೈ ಎತ್ತುವುದು ಹೇಗೆ? ಎತ್ತದಿರುವುದು ಹೇಗೆ? ಅಷ್ಟರಲ್ಲಿ ಗಂಟೆ ನಿಂತಿತು. ನಾನು ತೀರ್ಮಾನ ಮಾಡಿ ನಿಂತೆನೋ, ತೀರ್ಮಾನ ಮಾಡಲಾಗದೆ ನಿಂತೆನೋ, ಇವತ್ತಿಗೂ ಹೇಳಲಾರೆ.

ಸರಿ ಮಾಡಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ಬಾಗಿಲು ಮುಚ್ಚಿದ್ದಕ್ಕೆ ಆ ಬಸುರಿ ಬಸ್ಸು ಹತ್ತಬೇಕಾಗಿದೆ. ಅದು ನನಗೆ ಗೊತ್ತು, ರಾತ್ರಿ ಹಗಲು ಗೊತ್ತು.

ಮೇಷ್ಟ್ರು ಇಂದು ಇನ್ನೊಂದು ಮಾತು ಹೇಳಿದರು. "ಮತದ ಲೆಕ್ಕ ಕೇಳಿದ ಮೇಲೆ ಅನ್ನಿಸ್ತು. ನೀವು ಒಳಗೆ ಹೋಗಿದ್ರೂ ನಾನು ಬೇಜಾರು ಮಾಡ್ಕೋತಿರ್ಲಿಲ್ಲ." ನನಗೆ ಮೈಯೆಲ್ಲ ಉರಿಯಿತು. "ಅದನ್ನ ಅವತ್ತೇ ಹೇಳೋದಲ್ವಾ ಮೇಷ್ಟ್ರೇ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ಬಂತು, ಅವರು ಕೆಮ್ಮಿನ ಮಾತ್ರೆ ಕೊಟ್ಟರು. ಪಾಪ, ಜೇಬಿನಲ್ಲಿ ಬೇರೇನೂ ಇರಲಿಲ್ಲ.

ಪಕ್ಷದವರು ಒಂದು ದಾರಿ ಹೇಳಿದ್ದಾರೆ. ಆ ಕಡೆಯವರು ಹೆಂಡತಿಯ ಕಾಯಿಲೆ ಮುಂದಿಟ್ಟುಕೊಂಡು ಮೋಸ ಮಾಡಿದರು ಎಂದು ನಾನು ಹೇಳಿಕೆ ಕೊಟ್ಟರೆ ಊರಿನ ಸಿಟ್ಟು ಅವರ ಕಡೆ ತಿರುಗುತ್ತದಂತೆ, ನನಗೆ ಟಿಕೆಟ್ ಖಚಿತವಂತೆ. ನಮ್ಮ ಪಕ್ಷದವರಿಗೆ ಕಾಯಿಲೆಯ ವಾಸನೆ ಹೇಗೋ ಬಡಿದಿದೆ. ಆಗುವುದಿಲ್ಲ ಎಂದೆ. ಹಾಗಾಗಿ ಗೋಡೆ ಬರಹಕ್ಕೆ ಯಾರನ್ನೂ ನೋಡಿಕೊಳ್ಳಬೇಕಾಗಿಯೇ ಬರಲಿಕ್ಕಿಲ್ಲ.

ನಿನ್ನವಳಿಗೆ ಈ ಪತ್ರ ಓದಲು ಕೊಡು. ಕ್ಷಮಿಸು ಎಂದು ಕೇಳುತ್ತಿಲ್ಲ. ಅವಳು ನನ್ನನ್ನು ನಂಬಿ ಕೊಟ್ಟ ಮಾತು ನನ್ನಿಂದ ಉಳಿಯಲಿಲ್ಲ, ಅದು ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿ.

ಅಕ್ಕ


ಮೇ ೬

ಅಕ್ಕಾ,

ಪತ್ರ ಬಂದು ಕೆಲವು ದಿನವಾಯಿತು. ಮಾನ್ಯ ಶಾಸಕರಿಗೆ ಎಂದು ಶುರು ಮಾಡಿ ಎರಡು ಹಾಳೆ ಹರಿದೆ. ಕೈಗೆ ಬರಲಿಲ್ಲ.

ಇವಳು ದೊಡ್ಡಾಸ್ಪತ್ರೆಯಿಂದ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕೊಟ್ಟೆ. ನಿಂತೇ ಓದಿದಳು. ನಾನು ಅವಳ ಮುಖ ನೋಡುತ್ತಾ ಕುಳಿತೆ. ಓದಿ ಮುಗಿಸಿ, "ನಾನಾಗಿದ್ರೆ ಒಳಗೆ ಹೋಗ್ತಿದ್ದೆ" ಎಂದಳು. ಇದನ್ನು ಮುಚ್ಚಿಡದೆ ನಿನಗೆ ಬರೆಯಬೇಕೆಂದು ಅವಳೇ ಹೇಳಿದಳು. ಒಳಗೆ ಹೋಗಿ ಕೈಕಾಲು ತೊಳೆದು, ಕುಕ್ಕರು ಇಟ್ಟು, ಅಡುಗೆಮನೆಯಿಂದಲೇ ಕೇಳಿದಳು: "ಆ ಮೇಷ್ಟ್ರ ಹೆಂಡತಿ ಈಗ ಹೇಗಿದಾರಂತೆ?"

ನಾನು ಪತ್ರವನ್ನು ತಿರುವಿ ನೋಡಿದೆ. ನೀನು ಬರೆದಿರಲಿಲ್ಲ. ಅವಳಿಗೆ ಸಿಟ್ಟು ಬಂತು. "ಇಷ್ಟುದ್ದ ಬರೆದಿದಾರೆ, ಹೊಲಿಗೆ ಒಣಗಿದೆಯಾ, ಊಟ ಸೇರುತ್ತಾ, ಅದೊಂದು ಬರೆದಿಲ್ಲ. ಕೇಳಿ ತಿಳ್ಕೊಳ್ಳಿ" ಎಂದಳು. ತನ್ನ ವಾರ್ಡು ಹೋಯಿತೆಂದು ಈ ಎರಡು ತಿಂಗಳಲ್ಲಿ ಒಮ್ಮೆಯೂ ದನಿ ಎತ್ತದವಳು ಇದಕ್ಕೆ ದನಿ ಎತ್ತಿದಳು. ನಾನು ಅಲ್ಲೇ ಕುಳಿತು ಅತ್ತೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಆದರೆ ನೀವು ಎನ್ನುವಷ್ಟು ಉಳಿದಿಲ್ಲ.

ಇನ್ನು ಬೋರ್ಡು. ಬೆಳ್ಳಿ ಬಣ್ಣದ ಡಬ್ಬ ತೆಗೆದುಕೊಂಡು ಏಣಿ ಹತ್ತಿದೆ. ಹತ್ತಿರದಿಂದ ನೋಡಿದರೆ ಆ ಕೆಂಪು ಚೆನ್ನಾಗಿಯೇ ಮೇಲೆ ಬಂದಿದೆ. ಅದನ್ನು ಮುಚ್ಚಿದರೆ ಬೋರ್ಡು ಸುಳ್ಳು ಹೇಳುತ್ತದೆ. ಮುಚ್ಚದಿದ್ದರೂ ಪೂರ್ತಿ ನಿಜ ಹೇಳುವುದಿಲ್ಲ. ಕೆಳಗಿನಿಂದ ದರ್ಜಿ, "ಏನೋ, ಅಲ್ಲೇ ಸಂಸಾರ ಹೂಡ್ತೀಯಾ?" ಎಂದು ಕೂಗಿದ. ನಾನು ಡಬ್ಬದ ಮುಚ್ಚಳ ಹಾಕಿ ಇಳಿದೆ. ಅದು ಹೇಗಿದೆಯೋ ಹಾಗೇ ಇರಲಿ.

ಆದರೆ ಕಾರಣದ ಜಾಗ ಖಾಲಿ ಬಿಡಲಿಲ್ಲ. ಈ ಸಲ ನಿನ್ನನ್ನು ಕೇಳದೆ ನಾನು ಘೋಷಣೆ ಮಾಡಿದ್ದೇನೆ, ಸಮಸಮ ಆಯಿತು. ಅಲ್ಲಿ ನೀಲಿಯಲ್ಲಿ ಹೀಗೆ ಬರೆದಿದ್ದೇನೆ: "ಅಕ್ಕನೇ ಬಂದು ಹೇಳುತ್ತಾಳೆ. ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ, ಇಲ್ಲೇ." ಅಂಗಡಿಯ ಮುಂದೆ ಬೆಂಚು ಹಾಕಿದ್ದೇನೆ. ದರ್ಜಿಯೂ ತನ್ನ ಎರಡು ಸ್ಟೂಲು ಕೊಡುತ್ತಾನಂತೆ. ಆ ಬಸುರಿಗೆ ದೊಡ್ಡಾಸ್ಪತ್ರೆಯಲ್ಲಿ ಗಂಡುಮಗು ಆಯಿತು, ದಾರಿಯಲ್ಲಿ ಬಹಳ ಕಷ್ಟಪಟ್ಟಳಂತೆ. ಅವಳೂ ಬರುತ್ತಾಳೆ. ಅವಳ ಪ್ರಶ್ನೆ ಎಲ್ಲರಿಗಿಂತ ಗಟ್ಟಿಯಾಗಿರುತ್ತದೆ, ಸಿದ್ಧಳಾಗಿ ಬಾ.

ನಿನ್ನ ತಮ್ಮ


ಮೇ ೧೫

ಪುಟ್ಟಾ,

ಮೊದಲು ನಿನ್ನವಳಿಗೆ ಹೇಳು. ಆಕೆ ಎದ್ದು ಓಡಾಡುತ್ತಿದ್ದಾರೆ. ಹೊಲಿಗೆ ಒಣಗಿದೆ. ಊಟ ಸ್ವಲ್ಪ ಸ್ವಲ್ಪ ಸೇರುತ್ತಿದೆ. ಮಗಳು ಪರೀಕ್ಷೆ ಮುಗಿಸಿ ಬಂದು, ನನಗೇಕೆ ಹೇಳಲಿಲ್ಲ ಎಂದು ಅಪ್ಪ ಅಮ್ಮ ಇಬ್ಬರ ಜತೆಯೂ ಮಾತು ಬಿಟ್ಟು ಕುಳಿತಿದ್ದಾಳಂತೆ. ಇದನ್ನೆಲ್ಲ ನಿನ್ನೆ ಅವರ ಮನೆಗೆ ಹೋಗಿ ಕೇಳಿ ತಿಳಿದುಕೊಂಡು ಬಂದೆ. ಅಲ್ಲಿಯವರೆಗೆ ನಾನೂ ಒಮ್ಮೆಯೂ ಕೇಳಿರಲಿಲ್ಲ. ಅವರಿಗಾಗಿ ಮಾತು ಉಳಿಸಿಕೊಂಡೆ, ಆದರೆ ಒಳಗೊಳಗೇ ಆಕೆಯ ಮೇಲೆ ಸಿಟ್ಟಿತ್ತು. ನಿನ್ನವಳು ಅದನ್ನು ಅಡುಗೆಮನೆಯಿಂದಲೇ ಕಂಡುಹಿಡಿದಳು.

ನಾನಾಗಿದ್ದರೆ ಒಳಗೆ ಹೋಗುತ್ತಿದ್ದೆ ಎಂದಳಲ್ಲ, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ನನ್ನ ಜತೆಗೇ ಇರುತ್ತದೆ.

ಕೊನೆಯ ಭಾನುವಾರ ಬರುತ್ತೇನೆ. ಮೇಷ್ಟ್ರು, ನಾನೂ ಬಂದು ನಿಲ್ಲುತ್ತೇನೆ ಎಂದರು, ಬೇಡ ಎಂದೆ. ನಿನ್ನ ಬೆಂಚಿನ ಮೇಲೆ ಕುಳಿತು ನೀರಿನ ಮೀಟರು, ಫಲಕ, ಪೊಲೀಸು, ಶಾಲೆ, ಏನು ಕೇಳಿದರೂ ಹೇಳುತ್ತೇನೆ. ಬಾಗಿಲ ಮುಂದೆ ನಿಂತು ಒಳಗೆ ಹೋಗಲಿಲ್ಲ ಎಂದೂ ಹೇಳುತ್ತೇನೆ. ಒಬ್ಬರಿಗೆ ಮಾತು ಕೊಟ್ಟಿದ್ದೆ ಎಂದು ಹೇಳುತ್ತೇನೆ. ಯಾರಿಗೆ, ಯಾತಕ್ಕೆ ಎಂದು ಮಾತ್ರ ಹೇಳುವುದಿಲ್ಲ. ಆ ತಾಯಿ ಮಗುವನ್ನೆತ್ತಿಕೊಂಡು ಎದುರು ನಿಂತು ಕೇಳಿದರೂ ಹೇಳುವುದಿಲ್ಲ.

ಅದನ್ನು ಕೇಳಿ ಜನ ಎದ್ದು ಹೋದರೆ, ಅವರು ಎದ್ದು ಹೋದರು ಎಂದು ಬೋರ್ಡಿನಲ್ಲಿ ಬರಿ. ಆದರೆ ಪುಟ್ಟಾ, ಅವರು ಏಳುವ ಮೊದಲೇ ಬರೆಯಬೇಡ.

ಅಕ್ಕ